ಹೊಳೆಬದಿಯ ಮರಳು ನೆಲಕ್ಕೆ ಸಿಮೆಂಟ್ ಎಷ್ಟು, ಜೊತೆಗೆ ಏನು?

ಪ್ರಶ್ನೆ: ನಮ್ಮ ತೋಟ ಸಿದ್ದಾಪುರದ ಹತ್ತಿರ, ಕಾವೇರಿ ಹೊಳೆಯಿಂದ ಸ್ವಲ್ಪ ಮೇಲೆ ಇದೆ. ಗದ್ದೆಯ ಅಂಚಿನ ಸಮತಟ್ಟು ಜಾಗದಲ್ಲಿ 40 ಅಡಿ ಅಗಲ, 50 ಅಡಿ ಉದ್ದದ, ಕಾಫಿ ಒಣಗಿಸುವ ಕಣ ಮಾಡಬೇಕು. ಮೇಲಿನ ಕಪ್ಪು ಮಣ್ಣು ತೆಗೆದರೆ ಕೆಳಗೆ ಬರೀ ಮರಳು ಮಣ್ಣು. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಚಕ್ರ ಹೂತುಹೋಗುತ್ತದೆ. ಬೋಲ್ಡರ್ ಸೋಲಿಂಗ್, ಅಂದರೆ ದಪ್ಪ ಕಲ್ಲಿನ ಹಾಸು, ಹಾಕಿಸಲು ಖರ್ಚು ಬಹಳ. ಇರುವ ಮಣ್ಣಿಗೇ ಸಿಮೆಂಟ್ ಬೆರೆಸಿ ಗಟ್ಟಿ ಮಾಡಬಹುದೇ? ಎಷ್ಟು ಬೇಕು? ಸುಣ್ಣ, ಹಾರುಬೂದಿ (ಫ್ಲೈ ಆ್ಯಶ್), ಅಕ್ಕಿ ಮಿಲ್ಲಿನ ಉಮಿಬೂದಿ, ತೋಟದಲ್ಲೇ ಸಿಗುವ ಕಾಫಿ ಹೊಟ್ಟಿನ ಬೂದಿ ಸೇರಿಸಿದರೆ ಸಿಮೆಂಟ್ ಉಳಿಯುತ್ತದೆಯೇ? ಒಬ್ಬರು ಯಾವುದೋ ಖನಿಜ ಪುಡಿ ಹಾಕಿದರೆ ಅರ್ಧ ಸಿಮೆಂಟ್ ಸಾಕು ಎನ್ನುತ್ತಿದ್ದಾರೆ. ಇದೇ ಕೆಲಸವನ್ನು ಕಣದವರೆಗಿನ ದಾರಿಗೂ ಮುಂದೆ ಆಳುಗಳಿಗಾಗಿ ಕಟ್ಟಲಿರುವ ಲೈನ್ ಮನೆಯ ಪಾಯಕ್ಕೂ ಮಾಡಬಹುದೇ?

ಉತ್ತರ: ಕಣಕ್ಕೆ ಧಾರಾಳವಾಗಿ ಮಾಡಬಹುದು. ದಾರಿಗೆ ಒಂದು ಷರತ್ತಿನ ಮೇಲೆ ಮಾಡಬಹುದು. ಲೈನ್ ಮನೆಯ ವಿಚಾರ ಬೇರೆ, ಅದನ್ನು ಕೊನೆಗೆ ನೋಡೋಣ. ಸಿಮೆಂಟ್ ಉಳಿಸುವ ಪುಡಿ ಯಾವುದೆಂದು ಕೇಳಿದ್ದೀರಿ. ಕೊಡಗಿನಲ್ಲಿ ಅದು ಬಹುತೇಕ ನಿಮ್ಮ ತೋಟದ ಏರಿಯಲ್ಲೇ ಇದೆ: ಮೇಲ್ಮಣ್ಣಿನ ಕೆಳಗಿನ ಕೆಂಪು ಮಣ್ಣು. ಮರಳಿಗೆ ಮೊದಲು ಬೇಕಾದದ್ದು ಅದು, ಸಿಮೆಂಟ್ ಆಮೇಲೆ. ಚೀಲದಲ್ಲಿ ಬರುವ ಬೇರೆ ಪುಡಿಗಳಿಗೆ ಮೂರನೆಯ ಸ್ಥಾನ, ಅದೂ ಅಗತ್ಯ ಕಂಡರೆ ಮಾತ್ರ.

ಹೊಳೆ ತಂದು ಹಾಕಿದ ಮರಳಿನಲ್ಲಿ ಕಾಳುಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಎಷ್ಟು ಕುಟ್ಟಿದರೂ ಒಟ್ಟು ಗಾತ್ರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗ ಟೊಳ್ಳಾಗಿಯೇ ಉಳಿಯುತ್ತದೆ. ಸಿಮೆಂಟ್ ಅಂಟು ಹಾಕುವುದು ಕಾಳಿಗೆ ಕಾಳು ತಾಗುವ ಜಾಗದಲ್ಲಿ ಮಾತ್ರ. ಹಾಗಾಗಿ ಟೊಳ್ಳು ಹೆಚ್ಚಿದ್ದಷ್ಟೂ ತಾಗುವ ಜಾಗ ಕಡಿಮೆ, ಹಾಕಿದ ಸಿಮೆಂಟಿನಲ್ಲಿ ಒಂದು ಪಾಲು ಬರಿದೇ ಟೊಳ್ಳು ತುಂಬಲು ಹೋಗುತ್ತದೆ. ಬುಟ್ಟಿಯಲ್ಲಿ ಕಿತ್ತಳೆ ತುಂಬಿ ನಡುವೆ ಕಾಳುಮೆಣಸು ಸುರಿದಂತೆ, ದೊಡ್ಡ ಕಾಳಿನ ನಡುವೆ ಸಣ್ಣದು ಕೂತರೆ ಅಷ್ಟೇ ಸಿಮೆಂಟ್ ಎಷ್ಟೋ ಹೆಚ್ಚು ಕಡೆ ಹಿಡಿಯುತ್ತದೆ. ಅನುಭವದ ಅಳತೆಗಳೂ ಇದನ್ನೇ ಹೇಳುತ್ತವೆ. ಒಣ ಮಣ್ಣಿನ ತೂಕಕ್ಕೆ ಶೇಕಡಾವಾರು ಲೆಕ್ಕ ಹಾಕಿದರೆ, ಸಣ್ಣದು ದೊಡ್ಡದು ಬೆರೆತ ಜಲ್ಲಿಮಿಶ್ರಿತ ಮಣ್ಣಿಗೆ 3ರಿಂದ 5 ಸಾಕು, ಸ್ವಲ್ಪ ಜೇಡಿ ಇರುವ ಮರಳಿಗೆ 5ರಿಂದ 9, ಒಂದೇ ಗಾತ್ರದ ಬರೀ ಮರಳಿಗೆ 7ರಿಂದ 11 ಬೇಕು. ಮರಳು ಶುಭ್ರವಾಗಿದ್ದಷ್ಟೂ ಒಳ್ಳೆಯದು ಎಂಬುದು ಕಾಂಕ್ರೀಟಿನ ಲೆಕ್ಕ, ಇಲ್ಲಿ ನಡೆಯುವುದಿಲ್ಲ.

ಮೊದಲು ಮಣ್ಣನ್ನು ನೋಡಿ. ಕಣದ ಜಾಗದಲ್ಲಿ ಮೂರು ಕಡೆ ಒಂದೊಂದು ಮೀಟರ್ ಆಳದ ಗುಂಡಿ ತೆಗೆಸಿ. ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮೊದಲ ಒಂದು ನಿಮಿಷದಲ್ಲಿ ಕೂರುವುದು ಮರಳು. ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುವುದು ನಯವಾದ ಹೂಳು, ಮಾರನೆಯ ದಿನದ ಹೊತ್ತಿಗೆ ಎಲ್ಲಕ್ಕಿಂತ ಮೇಲೆ ಕಾಣುವುದು ಜೇಡಿ. ಮೇಲಿನ ಎರಡು ಪದರ ಸೇರಿ ಹತ್ತರಲ್ಲಿ ಒಂದು ಪಾಲೂ ಇಲ್ಲದಿದ್ದರೆ ನಿಮ್ಮದು ಬರೀ ಮರಳು, ಕೆಂಪು ಮಣ್ಣು ಸೇರಿಸಲೇಬೇಕು. ಹತ್ತರಲ್ಲಿ ಎರಡು ಮೂರು ಪಾಲು ಇದ್ದರೆ ಹಾಗೆಯೇ ಸಿಮೆಂಟಿಗೆ ಹೋಗಬಹುದು.

ಬಿಸಿಲಿಗೆ ಹಿಡಿದರೆ ಮಿಣಮಿಣ ಹೊಳೆಯುವ ಚಕ್ಕೆ, ಅಂದರೆ ಕಾಗೆಬಂಗಾರ, ಎಷ್ಟಿದೆ ಎಂದೂ ನೋಡಿ. ನಮ್ಮ ಬೆಟ್ಟದ ಕಲ್ಲು ಕೊಳೆತು ಬಂದ ಮರಳಿನಲ್ಲಿ ಇದು ಸಾಮಾನ್ಯ. ಚಕ್ಕೆಗಳು ರೋಲರಿನ ಕೆಳಗೆ ಬಾಗಿ ಮತ್ತೆ ಎದ್ದು ನಿಲ್ಲುತ್ತವೆ, ಆದ್ದರಿಂದ ಇಂಥ ಮರಳು ಎಷ್ಟು ಕುಟ್ಟಿದರೂ ದಮ್ಮಸು ಹಿಡಿಯುವುದಿಲ್ಲ. ಹಿಡಿ ಮಣ್ಣಿನಲ್ಲಿ ಅಲ್ಲೊಂದು ಇಲ್ಲೊಂದು ಕಂಡರೆ ಚಿಂತೆಯಿಲ್ಲ. ಅಂಗೈ ತುಂಬ ಹೊಳೆದರೆ ಆ ಗುಂಡಿಯ ಮರಳು ಬಿಟ್ಟು ಬೇರೆ ಕಡೆಯದನ್ನು ಬಳಸಿ.

ಕೊಡಗಿನಲ್ಲಿ ಈ ಕೆಲಸ ಕೆಡುವುದು ಹೆಚ್ಚಾಗಿ ಎಲೆಗೊಬ್ಬರದಿಂದ. ನೆರಳು ಮರದ ಎಲೆ ವರ್ಷವರ್ಷವೂ ಬಿದ್ದು ಕೊಳೆತ ಕಪ್ಪು ಮಣ್ಣು ಕಾಫಿಗೆ ಬಂಗಾರ, ಸಿಮೆಂಟಿಗೆ ವಿಷ. ಅದರಲ್ಲಿರುವ ಆಮ್ಲಗಳು ಸಿಮೆಂಟಿನಿಂದ ಬಿಡುಗಡೆಯಾಗುವ ಸುಣ್ಣವನ್ನು ಹಿಡಿದುಕೊಂಡು ಗಟ್ಟಿಯಾಗುವುದನ್ನೇ ನಿಲ್ಲಿಸುತ್ತವೆ. ಮಣ್ಣಿನಲ್ಲಿ ಸಾವಯವ ಪದಾರ್ಥ ಶೇ. 2 ಮೀರಬಾರದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೋ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮಾಡಿಸಿದ ಮಣ್ಣು ಪರೀಕ್ಷೆಯ ವರದಿ ಇದ್ದರೆ ಅದರಲ್ಲಿನ ಸಾವಯವ ಇಂಗಾಲದ ಅಂಕಿಯನ್ನು 1.72ರಿಂದ ಗುಣಿಸಿ, ಸಾವಯವ ಪದಾರ್ಥದ ಪ್ರಮಾಣ ಸಿಗುತ್ತದೆ. ಆದರೆ ಆ ವರದಿ ಬೇರು ಹರಡುವ ಮೇಲಿನ ಮಣ್ಣಿನದು. ಕಣಕ್ಕೆ ಬೇಕಾದದ್ದು ಅದರ ಕೆಳಗಿನ ಮಣ್ಣಿನ ಲೆಕ್ಕ. ಕಪ್ಪು ಬಣ್ಣ ಪೂರ್ತಿ ಹೋಗುವವರೆಗೆ, ಕನಿಷ್ಠ ಒಂದು ಅಡಿ, ಮೇಲ್ಮಣ್ಣು ತೆಗೆದು ತೋಟಕ್ಕೆ ಹಾಕಿಕೊಳ್ಳಿ. ಬೇರುಗಳನ್ನೂ ಆರಿಸಬೇಕು.

ಅನುಮಾನ ಉಳಿದರೆ ಸುಲಭದ ಪರೀಕ್ಷೆಯಿದೆ. 100 ಗ್ರಾಂ ಮಣ್ಣು, 10 ಗ್ರಾಂ ಸಿಮೆಂಟ್, ಗಂಜಿಯಷ್ಟು ತೆಳುವಾಗಲು ಬೇಕಾದಷ್ಟು ಡಿಸ್ಟಿಲ್ಡ್ ವಾಟರ್ ಕಲಸಿ, 15 ನಿಮಿಷ ಬಿಟ್ಟು ಪಿಎಚ್ ಕಾಗದ ಅದ್ದಿ ನೋಡಿ. 12 ಅಥವಾ ಮೇಲಿದ್ದರೆ ಸಾವಯವದ ಕಾಟ ಇಲ್ಲವೆಂದೇ ತಿಳಿಯಬಹುದು. ಅದಕ್ಕಿಂತ ಕೆಳಗಿದ್ದರೆ ಇನ್ನಷ್ಟು ಆಳದ ಮಣ್ಣು ತೆಗೆದು ಮತ್ತೆ ನೋಡಿ. ಹಳೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಗುಂಡಿ, ಹೊಟ್ಟಿನ ರಾಶಿ, ಗೊಬ್ಬರ ಗುಂಡಿ, ರಸಗೊಬ್ಬರದ ಶೆಡ್ ಇದ್ದ ಜಾಗವಾದರೆ ಅಲ್ಲಿ ಮಾಡಲೇಬೇಡಿ. ಹಣ್ಣಿನ ಸಿಹಿ ಇಳಿದ ಮಣ್ಣಿನಲ್ಲಿ ಸಿಮೆಂಟ್ ಸೆಟ್ ಆಗುವುದು ತಡವಾಗುತ್ತದೆ, ಕೆಲವೊಮ್ಮೆ ಆಗುವುದೇ ಇಲ್ಲ. ಅಮೋನಿಯಂ ಸಲ್ಫೇಟಿನ ಉಪ್ಪು ಸೆಟ್ ಆದ ಸಿಮೆಂಟನ್ನೂ ತಿನ್ನುತ್ತದೆ. ಇದೇ ಕಾರಣಕ್ಕೆ ಪಲ್ಪಿಂಗ್ ನೀರನ್ನು ಕಲಸಲಿಕ್ಕಾಗಲಿ ಕ್ಯೂರಿಂಗಿಗಾಗಲಿ (ಗಟ್ಟಿಯಾಗುವವರೆಗೆ ತೇವ ಕಾಯುವುದು) ಮುಟ್ಟಬೇಡಿ, ಮುಂದೆ ಅದು ಕಣದ ಅಂಚಿಗೆ ಹರಿದು ಬರದಂತೆಯೂ ಚರಂಡಿ ತಿರುಗಿಸಿ.

ಕೆಂಪು ಮಣ್ಣು ಎಷ್ಟು? ಒಟ್ಟು ಮಿಶ್ರಣದ ಒಣ ತೂಕದಲ್ಲಿ ಶೇ. 15ರಿಂದ 25, ನಿಮ್ಮಂಥ ನೆಲಕ್ಕೆ 20ರಿಂದ ಶುರುಮಾಡಿ. ನಮ್ಮ ಕೆಂಪು ಮಣ್ಣಿನ ಜೇಡಿ ನೀರು ಕುಡಿದು ಹೆಚ್ಚು ಊದುವ ಜಾತಿಯದಲ್ಲ, ಆದ್ದರಿಂದ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗದ್ದೆಯ ಅಂಟು ಮಣ್ಣು ಬೇಡ, ಅದು ಹೆಂಟೆ ಕಟ್ಟುತ್ತದೆ, ಸಾವಯವವೂ ಹೆಚ್ಚು. ಕೆಂಪು ಮಣ್ಣನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, 5 ಮಿಲಿಮೀಟರ್ ಜರಡಿಯಲ್ಲಿ ಹಾಯಿಸಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಪ್ರತಿಯೊಂದು ಹೆಂಟೆಯೂ ಮಳೆಗಾಲದಲ್ಲಿ ಒಂದೊಂದು ಮೆತ್ತನೆ ಗುಳಿಯಾಗುತ್ತದೆ, ಏಕೆಂದರೆ ಹೆಂಟೆಯ ಒಳಗೆ ಸಿಮೆಂಟ್ ಹೋಗುವುದೇ ಇಲ್ಲ. ಒಣ ಕೆಂಪು ಮಣ್ಣು ಸಿಗದಿದ್ದರೆ ಕ್ರಷರಿನ ಡಸ್ಟ್ ನಡೆಯುತ್ತದೆ. ಅದರಲ್ಲಿ ದೊಡ್ಡ ಸಣ್ಣ ಕಾಳು ಎರಡೂ ಇರುವುದರಿಂದ ಶೇ. 30ರವರೆಗೆ ಹಾಕಬಹುದು.

ಇನ್ನು ನೀವು ಹೆಸರಿಸಿದ ಪುಡಿಗಳು. ಸುಣ್ಣ ತಾನಾಗಿ ಮರಳನ್ನು ಹಿಡಿಯುವುದಿಲ್ಲ. ಅದು ಕೆಲಸ ಮಾಡುವುದು ಜೇಡಿಯೊಂದಿಗೆ ಸೇರಿದಾಗ. ಜೇಡಿಯೇ ಇಲ್ಲದ ಮರಳಿಗೆ ಹಾಕಿದ ಸುಣ್ಣ ಬಿಳಿ ಬಣ್ಣ ಕೊಡುತ್ತದೆ ಅಷ್ಟೇ. ಇನ್ನೊಂದು ಎಚ್ಚರಿಕೆ: ಕಾಫಿ ಗಿಡದ ಬುಡಕ್ಕೆ ಹಾಕುವ ಕೃಷಿ ಸುಣ್ಣವೂ ಡೋಲೊಮೈಟೂ ಅರೆದ ಸುಣ್ಣಕಲ್ಲು, ಸುಟ್ಟ ಸುಣ್ಣವಲ್ಲ. ಗೋದಾಮಿನಲ್ಲಿ ಚೀಲಗಟ್ಟಲೆ ಇದೆ ಎಂದು ಅದನ್ನೇ ಸುರಿದರೆ ನಯವಾದ ಕಲ್ಲುಪುಡಿ ಸುರಿದಷ್ಟೇ ಪ್ರಯೋಜನ. ಮಣ್ಣಿನೊಂದಿಗೆ ರಾಸಾಯನಿಕವಾಗಿ ಬೆರೆಯುವುದು ಸುಟ್ಟ ಸುಣ್ಣ ಅಥವಾ ಅರಳಿಸಿದ ಸುಣ್ಣ, ಬೋರ್ಡೊ ದ್ರಾವಣಕ್ಕೆ ತರುತ್ತೀರಲ್ಲ, ಆ ಜಾತಿಯದು.

ಹಾರುಬೂದಿ ಒಳ್ಳೆಯ ವಸ್ತು. ಆದರೆ ಕಲ್ಲಿದ್ದಲಿನ ನಮ್ಮ ಹಾರುಬೂದಿಗೆ ಸ್ವಂತ ಅಂಟು ಕಡಿಮೆ, ಸುಣ್ಣವೋ ಸಿಮೆಂಟೋ ಜೊತೆಗಿದ್ದರೆ ಮಾತ್ರ ನಿಧಾನವಾಗಿ ಗಟ್ಟಿಯಾಗುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ನಾಲ್ಕು ಪಾಲು ಹಾರುಬೂದಿ ಎಂಬ ಲೆಕ್ಕದಲ್ಲಿ ಬರೀ ಮರಳನ್ನೂ ಹಿಡಿಸಬಹುದು. ಆದರೆ ತಿಂಗಳುಗಟ್ಟಲೆ ಕಾಯಬೇಕು, ಚಳಿಗೆ ಈ ಕ್ರಿಯೆ ಬಹಳ ಮಂದವಾಗುತ್ತದೆ. ನಮ್ಮ ಡಿಸೆಂಬರ್ ರಾತ್ರಿಗಳ ಚಳಿಯಲ್ಲಿ ಅದನ್ನು ನಂಬಿ ಕಣಕ್ಕೆ ಹಣ್ಣು ಸುರಿಯಲಾಗದು. ಹಾರುಬೂದಿ ಬರಬೇಕಾದದ್ದು ರಾಯಚೂರಿನ ಶಕ್ತಿನಗರ ಅಥವಾ ಉಡುಪಿ ಜಿಲ್ಲೆಯ ಯೆಲ್ಲೂರಿನ ವಿದ್ಯುತ್ ಸ್ಥಾವರದಂಥ ಕಡೆಯಿಂದ. ಒಂದು ಕಣಕ್ಕಾಗಿ ಲಾರಿ ಬಾಡಿಗೆ ಕೊಟ್ಟು ತರಿಸುವುದರಲ್ಲಿ ಅರ್ಥವಿಲ್ಲ. ಅಲ್ಲದೆ ಅಂಗಡಿಯಲ್ಲಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ ಸಿಮೆಂಟ್) ಚೀಲದಲ್ಲಿ ಆಗಲೇ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತದೆ. ಪಿಪಿಸಿ ತಂದು ಅದಕ್ಕೆ ಮತ್ತೆ ಹಾರುಬೂದಿ ಸೇರಿಸಿ ಸಿಮೆಂಟ್ ಕಡಿಮೆ ಮಾಡಿದರೆ ಒಂದೇ ಉಳಿತಾಯವನ್ನು ಎರಡು ಸಲ ಲೆಕ್ಕ ಹಾಕಿದಂತೆ. ಪಿಪಿಸಿಯಿಂದಲೇ ಈ ಕೆಲಸ ಚೆನ್ನಾಗಿ ಆಗುತ್ತದೆ, ಬೇಗ ಬೇಕೆಂದರೆ ಹಾರುಬೂದಿ ಬೆರೆಸದ ಓಪಿಸಿ 43 ಸಿಮೆಂಟ್ ತರಿಸಿ. ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿಯೂ ಇದೇ ಗುಂಪಿನದು. ಮೊದಲ ವಾರ ಮಂದ, ಆಮೇಲೆ ಗಟ್ಟಿ. ಹುಳಿ ನೀರು ತಾಗುವ ಕಡೆ ಅದರ ಬೆರಕೆಯಿರುವ ಪಿಎಸ್‌ಸಿ ಸಿಮೆಂಟ್ ಆರಿಸುವುದು ಜಾಣತನ.

ಉಮಿಬೂದಿಯ ಬಗ್ಗೆ ಜನರಲ್ಲಿ ನಂಬಿಕೆ ಹೆಚ್ಚು, ಅದಕ್ಕೆ ಕಾರಣವೂ ಇದೆ. ಸರಿಯಾಗಿ ಸುಟ್ಟ ಉಮಿಬೂದಿಯಲ್ಲಿ ಶೇ. 85ಕ್ಕೂ ಹೆಚ್ಚು ಸಿಲಿಕಾ ಇರುತ್ತದೆ. ಆದರೆ ‘ಸರಿಯಾಗಿ’ ಎಂದರೆ 600–700 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟು, ಬೂದುಬಿಳಿ ಬಣ್ಣಕ್ಕೆ ಬಂದು, ಸಿಮೆಂಟಿನಷ್ಟು ನಯವಾಗಿ ಅರೆದದ್ದು. ಮಿಲ್ಲಿನ ಬಾಯ್ಲರ್ ಹೊರಹಾಕುವ ಕಪ್ಪು ಬೂದಿಯಲ್ಲಿ ಸುಡದೆ ಉಳಿದ ಇದ್ದಿಲು ತುಂಬಿರುತ್ತದೆ. ಅದು ನೀರು ಕುಡಿಯುತ್ತದೆ, ಗಟ್ಟಿತನ ಕೊಡುವುದಿಲ್ಲ. ಅತಿ ಬಿಸಿಯಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಮರಳಿನಷ್ಟೇ ನಿಷ್ಕ್ರಿಯವಾಗುತ್ತದೆ. ಮಿಲ್ಲಿನವರು ಒಳ್ಳೆಯ ಬೂದಿಯನ್ನೇ ಕೊಟ್ಟರೂ ಸಿಮೆಂಟಿನ ಐದನೇ ಒಂದು ಪಾಲಿಗಿಂತ ಹೆಚ್ಚು ಬದಲಿಸಬೇಡಿ, ಅದೂ ಮುಂದೆ ಹೇಳುವಂತೆ ಪರೀಕ್ಷೆಯ ಅಚ್ಚು ಮಾಡಿ ನೋಡಿದ ಮೇಲೆ. ಕಾಫಿ ಹೊಟ್ಟಿನ ಬೂದಿಯನ್ನು ಮಾತ್ರ ಈ ಕೆಲಸಕ್ಕೆ ತರಲೇಬೇಡಿ. ಅದರಲ್ಲಿ ಸಿಲಿಕಾ ಕಡಿಮೆ, ಪೊಟ್ಯಾಷ್ ಬಹಳ. ನೀರಿಗೆ ಕರಗಿ ಹೋಗುವ ಪೊಟ್ಯಾಷ್ ಕಣದಡಿಯಲ್ಲಿ ಮತ್ತಷ್ಟು ಟೊಳ್ಳು ಬಿಡುತ್ತದೆ. ಅದರ ಜಾಗ ಗಿಡದ ಬುಡ.

ಮಾರಾಟಗಾರರ ಖನಿಜ ಪುಡಿ ಸುಳ್ಳೆಂದು ನೋಡದೆ ಹೇಳಲಾಗದು. ಇಂಥ ಪುಡಿಗಳಲ್ಲಿ ಕೆಲವು ಕೆಲವು ಮಣ್ಣಿಗೆ ನಿಜವಾಗಿಯೂ ಉಪಯೋಗ. ಆದರೆ ಅವರು ತೋರಿಸುವ ವರದಿ ಯಾವ ಮಣ್ಣಿನದು? ನಿಮ್ಮದೇ ಮಣ್ಣಿನಲ್ಲಿ ಎರಡು ಬಗೆಯ ಅಚ್ಚು ಹಾಕಿಸಿ: ಶೇ. 5 ಸಿಮೆಂಟ್ ಪುಡಿಯಿಲ್ಲದೆ, ಶೇ. 5 ಸಿಮೆಂಟ್ ಪುಡಿ ಹಾಕಿ. ಎರಡಕ್ಕೂ ಒಂದೇ ನೀರು, ಒಂದೇ ದಮ್ಮಸು. ಶೇ. 8ರ ಸಿಮೆಂಟಿನ ಜೊತೆ ಪುಡಿ ಸೇರಿಸಿ ಗಟ್ಟಿಯಾಯಿತೆಂದು ತೋರಿಸುವುದು ಪುರಾವೆಯಲ್ಲ, ಅಷ್ಟು ಸಿಮೆಂಟಿಗೆ ಪುಡಿಯಿಲ್ಲದೆಯೂ ಗಟ್ಟಿಯಾಗುತ್ತದೆ. ಪುಡಿಯ ಬೆಲೆಗೆ ಎಷ್ಟು ಚೀಲ ಸಿಮೆಂಟ್ ಬರುತ್ತದೆಂದೂ ಪಕ್ಕದಲ್ಲೇ ಲೆಕ್ಕ ಹಾಕಿ.

ಅಚ್ಚು ಮಾಡುವುದು ಕಷ್ಟವಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪನ್ನು 20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಉದ್ದಕ್ಕೆ ಒಂದು ಕಡೆ ಸೀಳಿ, ಕಟ್ಟು ತಂತಿಯಿಂದ ಬಿಗಿದರೆ ಅಚ್ಚು ಸಿದ್ಧ. ಒಂದಕ್ಕೆ ಸುಮಾರು 3 ಕೆ.ಜಿ. ಒಣ ಮಿಶ್ರಣ ಹಿಡಿಯುತ್ತದೆ. ಸಿಮೆಂಟ್ 150 ಗ್ರಾಂ ಹಾಕಿದರೆ ಶೇ. 5, 210 ಹಾಕಿದರೆ 7, 270 ಹಾಕಿದರೆ 9. ಪ್ರತಿ ಪ್ರಮಾಣಕ್ಕೂ ಮೂರು ಮೂರು ಅಚ್ಚು. ಮಣ್ಣು, ಸಿಮೆಂಟ್ ಒಣದಾಗಿಯೇ ಒಂದೇ ಬಣ್ಣ ಬರುವವರೆಗೆ ಬೆರೆಸಿ, ಆಮೇಲೆ 300 ಮಿಲಿ ಆಸುಪಾಸಿನಲ್ಲಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಒಂದು ಮೀಟರ್ ಎತ್ತರದಿಂದ ಬಿಟ್ಟರೆ ಉಂಡೆ ನಾಲ್ಕೈದು ಚೂರಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಹೆಚ್ಚಾಯಿತು. ಮೂರು ಪದರದಲ್ಲಿ ಹಾಕಿ, ಪ್ರತಿ ಪದರಕ್ಕೂ 25 ಪೆಟ್ಟು ಕೊಡಿ. ಮಾರನೆಯ ದಿನ ತಂತಿ ಬಿಚ್ಚಿ ಅಚ್ಚಿನಿಂದ ತೆಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದೊಳಗೆ ಆರನೆಯ ದಿನದವರೆಗೆ ಇಟ್ಟು, ಆಮೇಲೆ ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿ.

ನೀರಿನಲ್ಲಿ ಮುಳುಗಿಸುವುದನ್ನು ಬಿಡಬೇಡಿ. ಒಣಗಿದಾಗ ಕಲ್ಲಿನಂತೆ ಕಾಣುವ ಕೆಂಪು ಮಣ್ಣಿನ ಅಚ್ಚು ನೀರಿಗೆ ಬಿದ್ದ ಅರ್ಧ ಗಂಟೆಯಲ್ಲಿ ಕರಗಿ ಕೂರುವುದುಂಟು, ಏಕೆಂದರೆ ಅದನ್ನು ಹಿಡಿದಿದ್ದು ಸಿಮೆಂಟ್ ಅಲ್ಲ, ಒಣಗಿದ ಜೇಡಿ. ನೆನೆದ ಮೇಲೂ ಅಂಚು ಚೂಪಾಗಿರಬೇಕು, ನೀರು ಕದಡಬಾರದು, ಮೊಳೆಯಿಂದ ಗೀರಿದರೆ ಗೆರೆ ಬೀಳಬೇಕೇ ಹೊರತು ಗುಳಿ ಬೀಳಬಾರದು. ಅಂಕಿ ಬೇಕೆಂದರೆ ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಭಾರತೀಯ ಮಾನಕ ಐಎಸ್ 4332ರ ಪ್ರಕಾರ ಏಳು ದಿನದ ಒತ್ತುಬಲ ಕೇಳಿ. ಮೇಲೆ ಕಾಂಕ್ರೀಟ್ ಬರುವ ಕಣದ ತಳಕ್ಕೆ ಚದರ ಮಿಲಿಮೀಟರಿಗೆ 1.7 ನ್ಯೂಟನ್ ಆಸುಪಾಸು ಸಾಕು, ಗಾಡಿ ಓಡಾಡುವ ದಾರಿಯ ಮುಖ್ಯ ಪದರಕ್ಕೆ 3 ಬೇಕು. ಅತಿ ಗಟ್ಟಿಯೂ ಬೇಡ, ಸಿಮೆಂಟ್ ಹೆಚ್ಚಾದಷ್ಟೂ ಕುಗ್ಗಿ ಅಗಲ ಬಿರುಕು ಬಿಡುತ್ತದೆ.

ನಿಮ್ಮ ಕಣದ ಲೆಕ್ಕ ಹೀಗೆ. 2000 ಚದರ ಅಡಿ ಎಂದರೆ 186 ಚದರ ಮೀಟರ್. 15 ಸೆಂ.ಮೀ. ದಪ್ಪಕ್ಕೆ ಸುಮಾರು 28 ಘನ ಮೀಟರ್. ಬರೀ ಮರಳಾದರೆ ದಮ್ಮಸು ಮಾಡಿದ ಮೇಲೆ ಘನ ಮೀಟರಿಗೆ 1750 ಕೆ.ಜಿ. ಹಿಡಿಯಿರಿ. ಶೇ. 7ರಂತೆ ಸುಮಾರು 68 ಚೀಲ ಸಿಮೆಂಟ್, ಸಾಕಾಗದೆ ಇನ್ನೂ ಹೆಚ್ಚಬಹುದು. ಐದನೇ ಒಂದು ಪಾಲು ಕೆಂಪು ಮಣ್ಣು ಬೆರೆಸಿದರೆ ತೂಕ 1850ರ ಹತ್ತಿರ ಬರುತ್ತದೆ, ಅಚ್ಚು ಒಪ್ಪಿದರೆ ಶೇ. 5 ಸಾಕು, ಅಂದರೆ 52 ಚೀಲ. ಬೇಕಾಗುವ ಕೆಂಪು ಮಣ್ಣು ಸುಮಾರು 10 ಟನ್. ಶೇಕಡಾ ಲೆಕ್ಕ ಯಾವಾಗಲೂ ಒಣ ತೂಕದ ಮೇಲೆ. ಮರಳನ್ನು ಬಾಂಡ್ಲಿ ಲೆಕ್ಕದಲ್ಲಿ ಅಳೆಯಬೇಡಿ. ತೇವದ ಮರಳು ಉಬ್ಬಿ ನಿಲ್ಲುತ್ತದೆ, ಒಂದು ಬಾಂಡ್ಲಿಯಲ್ಲಿ ನೀವು ಎಣಿಸಿದ್ದಕ್ಕಿಂತ ಕಾಲುಭಾಗ ಕಡಿಮೆ ಮರಳಿರಬಹುದು. ನೆಲದ ಮೇಲೆಯೇ ಅಳತೆ ಮಾಡುವುದು ವಾಸಿ. ಶೇ. 5ಕ್ಕೆ ಒಂದು ಚೀಲ 3.6 ಚದರ ಮೀಟರಿಗೆ ಬರುತ್ತದೆ, ಆದ್ದರಿಂದ 1.9 ಮೀಟರಿಗೊಂದು ಗೆರೆ ಎಳೆದು ಚೌಕ ಮಾಡಿ ಪ್ರತಿ ಚೌಕದ ನಡುವೆ ಒಂದು ಚೀಲ ಇಡಿ. ಚೀಲ ಒಡೆಯುವ ಮೊದಲು ಮೇಸ್ತ್ರಿ ಒಮ್ಮೆ ಎಣಿಸಲಿ.

ಕೆಲಸದ ದಿನಕ್ಕೆ ಮೊದಲೇ ತಳ ಸಿದ್ಧವಾಗಿರಬೇಕು. ಮೇಲ್ಮಣ್ಣು ತೆಗೆದ ಗುಳಿಯಲ್ಲೇ ಕಣ ಕೂರಿಸಿದರೆ ಮಳೆಗಾಲದಲ್ಲಿ ಅದು ಕೆರೆಯಾಗುತ್ತದೆ. ಕೆಳಗಿನ ಮರಳಿಗೆ ಚೆನ್ನಾಗಿ ನೀರು ಬಿಟ್ಟು ಪ್ಲೇಟ್ ಕಂಪ್ಯಾಕ್ಟರ್ ಓಡಿಸಿ. ಮರಳು ಕೂರುವುದು ಕಂಪನಕ್ಕೆ, ಕೈ ದಮ್ಮಸಿನ ಪೆಟ್ಟಿಗಲ್ಲ. ಆಮೇಲೆ ಒಳ್ಳೆಯ ಮಣ್ಣು ತುಂಬಿ ದಮ್ಮಸು ಮಾಡಿ, ಮುಗಿದ ಕಣ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿಯಾದರೂ ಮೇಲಿರುವಂತೆ ಏರಿಸಿ. 40 ಅಡಿಯ ಅಗಲದಲ್ಲಿ 6 ಇಂಚು ಇಳಿತ ಕೊಡಿ, ತಳದಲ್ಲೇ ಕೊಡಿ, ಮೇಲಿನ ಕಾಂಕ್ರೀಟಿನಲ್ಲಿ ಸರಿಮಾಡುತ್ತೇವೆ ಎನ್ನಬೇಡಿ.

ಹಿಂದಿನ ದಿನ ಮರಳಿನ ಮೇಲೆ ಕೆಂಪು ಮಣ್ಣನ್ನು ನಾಲ್ಕೂವರೆ ಸೆಂ.ಮೀ. ಸಡಿಲವಾಗಿ ಹರಡಿ, ಪವರ್ ಟಿಲ್ಲರಿನ ರೋಟವೇಟರಿನಿಂದ ಮೂರು ನಾಲ್ಕು ಸಾಲು ಉದ್ದಕ್ಕೂ ಅಡ್ಡಕ್ಕೂ ಹೊಡೆಸಿ. ಬೆಳಿಗ್ಗೆ ತೇವ ಅಳೆಯಿರಿ. 500 ಗ್ರಾಂ ಮಣ್ಣನ್ನು ಬಾಣಲೆಯಲ್ಲಿ ಪೂರ್ತಿ ಒಣಗುವವರೆಗೆ ಹುರಿದು ತೂಗಿ. 465 ಗ್ರಾಂ ಆದರೆ ತೇವ ಶೇ. 7.5. ಇಂಥ ಮಿಶ್ರಣಕ್ಕೆ ದಮ್ಮಸಿಗೆ ಬೇಕಾದ ತೇವ ಸಾಮಾನ್ಯವಾಗಿ 9ರಿಂದ 12. ನಿಮ್ಮ ಅಚ್ಚಿನಲ್ಲಿ 10 ಸರಿಹೋಗಿದ್ದರೆ ಬಿಸಿಲಿಗೆ ಆರುವುದಕ್ಕೆಂದು ಒಂದು ಸೇರಿಸಿ 11 ಎಂದಿಟ್ಟುಕೊಳ್ಳಿ. ಬಾಕಿ ಶೇ. 3.5, ಚದರ ಮೀಟರಿಗೆ ಹೆಚ್ಚುಕಡಿಮೆ 10 ಲೀಟರ್. ಗಿಡಕ್ಕೆ ನೀರು ಚಿಮುಕಿಸುವ ರೋಸ್ ಕ್ಯಾನಿನಲ್ಲಿ ಹಾಕಿದರೆ ಲೆಕ್ಕ ತಪ್ಪುವುದಿಲ್ಲ, ಪೈಪ್ ಹಿಡಿದರೆ ಖಂಡಿತ ತಪ್ಪುತ್ತದೆ.

ಸಿಮೆಂಟ್ ಹರಡಿ, ಒಣದಾಗಿ ಎರಡು ಸಾಲು, ನೀರು ಹಾಕುತ್ತಾ ಮತ್ತೆರಡು ಸಾಲು ರೋಟವೇಟರ್. ಗುದ್ದಲಿಯಿಂದ ಅಲ್ಲಲ್ಲಿ ಕಡಿದು ನೋಡಿ. ಮೇಲಿನಿಂದ ತಳದವರೆಗೂ ಒಂದೇ ಬಣ್ಣವಿರಬೇಕು, ತಳದಲ್ಲಿ ಎರಡು ಸೆಂ.ಮೀ. ಬೆರೆಯದ ಮರಳು ಉಳಿಯುವುದೇ ಸಾಮಾನ್ಯ ದೋಷ. ಮಣ್ಣಿನಲ್ಲೇ ತೇವವಿರುವುದರಿಂದ ಸಿಮೆಂಟ್ ಬೆರೆತ ಕ್ಷಣದಿಂದ ಎರಡು ಗಂಟೆಯೊಳಗೆ ದಮ್ಮಸು ಮುಗಿಯಬೇಕು. ತಡವಾದರೆ ಆಗತಾನೇ ಕಟ್ಟುತ್ತಿರುವ ಬೆಸುಗೆಯನ್ನು ರೋಲರೇ ಒಡೆಯುತ್ತದೆ, ಮಣ್ಣೂ ಬಿಗಿಯಾಗಿ ಕೂರುವುದಿಲ್ಲ. ಆದ್ದರಿಂದ ಇಡೀ ಕಣವನ್ನು ಒಮ್ಮೆಲೇ ಹಿಡಿಯಬೇಡಿ, ಒಂದು ಟಿಲ್ಲರ್, ನಾಲ್ಕೈದು ಆಳಿದ್ದರೆ ಒಂದು ಸಲಕ್ಕೆ 20–25 ಚದರ ಮೀಟರ್ ಸಾಕು. ಒಂದು ಟನ್ನಿನ ಕಂಪಿಸುವ ರೋಲರ್ ಸಿಕ್ಕರೆ 15 ಸೆಂ.ಮೀ. ಒಂದೇ ಪದರದಲ್ಲಿ ಆಗುತ್ತದೆ. ಪ್ಲೇಟ್ ಕಂಪ್ಯಾಕ್ಟರ್ ಮಾತ್ರ ಇದ್ದರೆ ಅರ್ಧ ಮಣ್ಣು ಪಕ್ಕಕ್ಕೆಳೆದು ಎರಡು ಪದರ ಮಾಡಿ, ಕೆಳಪದರದ ಮುಖವನ್ನು ಕುಂಟೆಯಿಂದ ಕೆರೆದು ಮೇಲಿನದನ್ನು ಹಾಕಿ, ಎರಡೂ ಅದೇ ಎರಡು ಗಂಟೆಯೊಳಗೆ. ಪಕ್ಕದ ಭಾಗ ಶುರುಮಾಡುವಾಗ ಹಿಂದಿನದರ ಅಂಚನ್ನು ನೇರವಾಗಿ ಕಡಿದು ಗಟ್ಟಿ ಮುಖ ಕಾಣುವಂತೆ ಮಾಡಿ.

ಮಟ್ಟ ನೋಡುವಾಗ ಒಂದು ತಪ್ಪು ತಪ್ಪದೇ ಆಗುತ್ತದೆ. ಎಲ್ಲೋ ಒಂದು ಸೆಂ.ಮೀ. ತಗ್ಗು ಕಂಡರೆ ಉಳಿದ ಮಿಶ್ರಣ ಅಲ್ಲಿಗೆ ಸುರಿದು ಸವರುತ್ತಾರೆ. ಆ ತೆಳು ಪದರ ಕೆಳಗಿನದಕ್ಕೆ ಅಂಟುವುದಿಲ್ಲ, ಒಣಗಿದ ಮೇಲೆ ಹಪ್ಪಳದಂತೆ ಏಳುತ್ತದೆ. ಶುರುವಿನಲ್ಲೇ ಸ್ವಲ್ಪ ಎತ್ತರ ಇಟ್ಟು ಉಬ್ಬನ್ನು ಕೆತ್ತಿ ತೆಗೆಯುವುದೇ ಸರಿ, ಕೆತ್ತಿದ್ದನ್ನು ಎಸೆಯಿರಿ. ಸಿಮೆಂಟ್ ಹಾಲು ಸುರಿದು ಮುಗಿಸೋಣ ಎಂಬ ಸಲಹೆಯೂ ಬರಬಹುದು. ಸಿಮೆಂಟಿನ ಕಣಗಳು ಸಣ್ಣ ಮರಳಿನ ಸಂದಿಗೆ ಇಳಿಯುವಷ್ಟು ನಯವಲ್ಲ, ಮೇಲ್ಮುಖದಲ್ಲೇ ಸೋಸಿ ನಿಂತು ಬೆರಳು ದಪ್ಪದ ಚಿಪ್ಪಾಗುತ್ತವೆ, ಅದರಡಿಯಲ್ಲಿ ಮರಳು ಮೊದಲಿನಂತೆಯೇ ಸಡಿಲ.

ಕ್ಯೂರಿಂಗ್ ಏಳು ದಿನ. ದಮ್ಮಸು ಮುಗಿದ ತಕ್ಷಣ ಹಗುರವಾಗಿ ನೀರು ಚಿಮುಕಿಸಿ ಟಾರ್ಪಾಲ್ ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಮಣ್ಣು ಒತ್ತಿ. ದಿನಕ್ಕೊಂದು ಸಲ ಎತ್ತಿ ನೋಡಿ, ಬಣ್ಣ ಬಿಳಿಚಿದ್ದರೆ ನೀರು ಕೊಡಿ. ಒಂದು ವಾರ ದನ, ಟಿಲ್ಲರ್ ಯಾವುದೂ ಮೇಲೆ ಹೋಗಬಾರದು. ಕೆಲಸಗಾರರು ಬರಿಗಾಲಲ್ಲಿ ಈ ಮಿಶ್ರಣ ತುಳಿಯದಂತೆ ಬೂಟು, ಕೈಗವಸು ಕೊಡಿಸಿ. ಸಿಮೆಂಟಿನ ಕ್ಷಾರಕ್ಕೆ ಕಾಲಿನ ಚರ್ಮ ಸುಡುತ್ತದೆ, ನೋವು ಗೊತ್ತಾಗುವುದು ಸಂಜೆಗೆ. ಮೂರರಿಂದ ಆರು ಮೀಟರಿಗೊಂದು ಕೂದಲೆಳೆ ಬಿರುಕು ಬರುತ್ತದೆ, ಅದು ಸಹಜ, ಗಾಬರಿ ಬೇಡ.

ಕಾಫಿಯನ್ನು ಈ ಪದರದ ಮೇಲೆ ನೇರವಾಗಿ ಒಣಗಿಸಬಾರದು. ಸಿಮೆಂಟ್ ಬೆರೆತರೂ ಅದು ಮಣ್ಣೇ. ಕುಂಟೆ ಎಳೆದಾಗ ದೂಳೇಳುತ್ತದೆ, ಬೀಜಕ್ಕೆ ಮಣ್ಣಿನ ವಾಸನೆ ಹತ್ತುತ್ತದೆ, ತೇವ ಹಿಡಿದು ಬೂಷ್ಟು ಬರುತ್ತದೆ. ಮೇಲೆ 75 ಮಿ.ಮೀ. ದಪ್ಪ, ಎಂ20 ದರ್ಜೆಯ ಕಾಂಕ್ರೀಟನ್ನು ಎರಡೂವರೆ ಮೀಟರಿನ ಚೌಕಗಳಾಗಿ ಹಾಕಿ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟರೆ ಕೆಳಗಿನ ಬಿರುಕು ಮೇಲೆ ಬರುವುದು ತಪ್ಪುತ್ತದೆ. ಸುತ್ತಲಿನ ಅಂಚಿನಲ್ಲಿ ಕಾಂಕ್ರೀಟನ್ನು 15 ಸೆಂ.ಮೀ.ಗೆ ದಪ್ಪ ಮಾಡಿ, ಟ್ರ್ಯಾಕ್ಟರ್ ಹತ್ತುವ ಕಡೆ ಅಂಚು ಮುರಿಯುವುದೇ ಮೊದಲು. ಮಳೆ ಬಿಟ್ಟ ಮೇಲೆ ಅಕ್ಟೋಬರ್ ಕೊನೆಗೆ ಗುಂಡಿ ತೆಗೆಸಿ ಅಚ್ಚು ನೋಡಿದರೆ ನವೆಂಬರಿನಲ್ಲಿ ಕೆಲಸ ಮುಗಿಯುತ್ತದೆ, ರೊಬಸ್ಟಾ ಕೊಯ್ಲಿನ ಹೊತ್ತಿಗೆ ಕಾಂಕ್ರೀಟಿಗೂ ತಿಂಗಳಾಗಿರುತ್ತದೆ. ಅದು ತಪ್ಪಿದರೆ ಕೊಯ್ಲು ಮುಗಿದ ಮೇಲೆ ಮಾಡಬಹುದು, ಆದರೆ ಆಗ ಕಾಫಿ ಹೂಬಿಡಿಸುವ ಬೇಸಿಗೆಯ ಹೂಮಳೆಯ ಮೇಲೆ ಕಣ್ಣಿಟ್ಟಿರಬೇಕು. ಹರಡಿದ ಸಿಮೆಂಟಿನ ಮೇಲೆ ಮಳೆ ಬಿದ್ದರೆ ಆ ಭಾಗ ಕೆಟ್ಟಂತೆಯೇ. ಮೋಡ ಕಂಡ ದಿನ ಚೀಲ ಒಡೆಯಬೇಡಿ.

ದಾರಿಗೂ ಇದೇ ವಿಧಾನ, ಸಿಮೆಂಟ್ ಸ್ವಲ್ಪ ಹೆಚ್ಚು, ಶೇ. 7ರ ಸುತ್ತ. ಷರತ್ತೇನೆಂದರೆ ಅದನ್ನು ಬೋಳಾಗಿ ಬಿಡಬಾರದು. ಟ್ರ್ಯಾಕ್ಟರ್ ಚಕ್ರ ಒಂದೇ ಮಳೆಗಾಲದಲ್ಲಿ ಮೇಲ್ಮುಖವನ್ನು ಉದುರಿಸಿ ಗಾಡಿಜಾಡು ಮಾಡುತ್ತದೆ. ಚಕ್ರ ಓಡುವ ಎರಡು ಪಟ್ಟಿಗೆ ಕಾಂಕ್ರೀಟ್ ಹಾಕಿ, ನಡುವೆ ಹುಲ್ಲು ಬಿಡಿ. ಏರು ಇರುವ ಕಡೆ ಮೇಲಿನ ಬದಿಗೆ ಚರಂಡಿ ಕಡ್ಡಾಯ. ದಾರಿಗಾಗಿ ಬಾಣೆಯ, ಅಂದರೆ ಗದ್ದೆಯ ಮೇಲಿನ ಎತ್ತರದ ಜಾಗದ, ದಿಣ್ಣೆ ಕಡಿದಿದ್ದರೆ ಆ ಕಡಿದ ಮುಖಕ್ಕೆ ಸಿಮೆಂಟ್ ಮೆತ್ತಿ ಗಟ್ಟಿ ಮಾಡುವ ಯೋಚನೆ ಬೇಡವೇ ಬೇಡ. ಒಳಗಿನ ಒರತೆ ನೀರಿಗೆ ಹೊರಗೆ ಬರಲು ದಾರಿ ಮುಚ್ಚಿದರೆ ಹಿಂದೆ ಒತ್ತಡ ಏರಿ ಮುಖವೇ ಕಳಚಿ ಬೀಳುತ್ತದೆ. 2018ರ ಆಗಸ್ಟ್‌ನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಲೈನ್ ಮನೆಯ ಪಾಯದಡಿ ಸಡಿಲ ಮರಳು ತೆಗೆದು, ಎರಡು ಅಡಿ ಆಳಕ್ಕೆ ಶೇ. 6ರಿಂದ 8ರ ಸಿಮೆಂಟ್ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ತುಂಬಿ, ಪಾಯದ ಅಂಚಿನಿಂದ ಎರಡೂ ಕಡೆ ಒಂದೊಂದು ಅಡಿ ಹೊರಗೆ ಚಾಚುವಂತೆ ಮಾಡಿದರೆ ಒಂದು ಅಂತಸ್ತಿನ ಮನೆಯ ಭಾರ ಹರಡಿಹೋಗುತ್ತದೆ. ಇದು ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಒಪ್ಪಬೇಕಾದ ಕೆಲಸ, ಮೇಸ್ತ್ರಿಯ ಅಂದಾಜಿಗೆ ಬಿಡುವಂಥದ್ದಲ್ಲ. ಅಂತರ್ಜಲ ಮಳೆಗಾಲದಲ್ಲಿ ಎಲ್ಲಿಯವರೆಗೆ ಏರುತ್ತದೆಂದು ಆಗಸ್ಟಿನಲ್ಲಿ ಗುಂಡಿ ನೋಡಿ ಬರೆದಿಟ್ಟುಕೊಳ್ಳಿ, ಇಂಜಿನಿಯರ್ ಮೊದಲು ಕೇಳುವುದೇ ಅದನ್ನು. ಆದರೆ ಆ ಜಾಗಕ್ಕೆ 2019ರ ಪ್ರವಾಹದ ನೀರು ಬಂದಿತ್ತೇ? ನೆಲ್ಲಿಹುದಿಕೇರಿ ಕಡೆ ಹೊಳೆ ದಂಡೆಯ ಎಷ್ಟೋ ಮನೆಗಳು ಆ ವರ್ಷ ಹೋದವು. ಸಿಮೆಂಟ್ ಮಣ್ಣಿನ ಹಾಸು ಎಷ್ಟೇ ಗಟ್ಟಿಯಾಗಿದ್ದರೂ ಅದರ ಕೆಳಗಿನ ಮರಳು ಸಡಿಲವೇ. ಹರಿವ ನೀರು ಅಂಚಿನಿಂದ ಆ ಮರಳನ್ನು ಎಳೆದರೆ ಹಾಸು ಗಾಳಿಯಲ್ಲಿ ನಿಂತು ಮುರಿಯುತ್ತದೆ. ಕಣ ಹೋದರೆ ಮತ್ತೆ ಮಾಡಿಕೊಳ್ಳಬಹುದು. ಪ್ರವಾಹದ ಗುರುತಿಗಿಂತ ಕೆಳಗೆ ಆಳುಗಳ ಸಂಸಾರ ಮಲಗುವ ಮನೆ ಕಟ್ಟಬೇಡಿ. ಬಾಣೆಯ ಕಡೆ, ಕಡಿದ ದಿಣ್ಣೆಯಿಂದ ದೂರದ ಗಟ್ಟಿ ನೆಲ ಹುಡುಕಿ. ಅಲ್ಲಿ ನಿಮಗೆ ಸಿಮೆಂಟ್ ಮಣ್ಣಿನ ಅಗತ್ಯವೇ ಬೀಳಲಿಕ್ಕಿಲ್ಲ.